‘ಬರೀ ಸ್ಟುವರ್ಡ್’ ಪಡೆದ ಯುದ್ಧದ ಪದಕ

ಪ್ರಶ್ನೆ: ನಾವು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದ್ದೇವೆ. ಈಚೆಗೆ ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ನಮ್ಮ ಯಜಮಾನರು ಎರಡು ಪದಕ ಕೊಂಡು ತಂದರು. ಒಂದು ಬೆಳ್ಳಿಯದು. ಅದರ ಹಿಂಬದಿಯಲ್ಲಿ ಸ್ಫಿಂಕ್ಸ್, ಕೆಳಗೆ 1882 ಎಂದಿದೆ. ಮೇಲಿನ ಪಟ್ಟಿಯಲ್ಲಿ ‘ಅಲೆಕ್ಸಾಂಡ್ರಿಯಾ 11ತ್ ಜುಲೈ’ ಎಂಬ ಅಕ್ಷರಗಳಿವೆ. ಇನ್ನೊಂದು ಕಂದು ಬಣ್ಣದ, ಐದು ಮೂಲೆಯ ನಕ್ಷತ್ರ. ಬೆಳ್ಳಿ ಪದಕದ ಅಂಚಿನಲ್ಲಿ ಒಬ್ಬನ ಹೆಸರು, ‘ವಾರ್ಡ್‌ರೂಮ್ ಸ್ಟುವರ್ಡ್’ ಎಂಬುದರ ಚುಟುಕು ರೂಪ, ಆಮೇಲೆ ‘ಎಚ್.ಎಂ.ಎಸ್. ಅಲೆಕ್ಸಾಂಡ್ರಾ’ ಎಂದು ಕೊರೆದಿದ್ದಾರೆ. ಮಾರಿದವನು ‘ಇವನು ಬರೀ ಸ್ಟುವರ್ಡ್, ಅದಕ್ಕೇ ಕಡಿಮೆಗೆ ಕೊಡ್ತಿದ್ದೀನಿ’ ಅಂದನಂತೆ. ಊಟ ಬಡಿಸುವವರಿಗೂ ಯುದ್ಧದ ಪದಕ ಕೊಡುತ್ತಿದ್ದರೇ? ನಕ್ಷತ್ರವೂ ಅವನದ್ದೇನಾ? ಈ ಮನುಷ್ಯನ ಬಗ್ಗೆ ಇನ್ನಷ್ಟು ತಿಳಿಯುವುದು ಹೇಗೆ? ಎರಡನ್ನೂ ಫಳಫಳ ಹೊಳೆಯುವ ಹಾಗೆ ತಿಕ್ಕಿ ಗೋಡೆಗೆ ಹಾಕಬೇಕೆಂದು ಇವರಿಗೆ ಆಸೆ. ಫೋಟೋಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೊದಲು ತಿಕ್ಕುವ ಯೋಚನೆ ಬಿಡಲು ಯಜಮಾನರಿಗೆ ಹೇಳಿ. ನೀವು ಕೇಳಿದ ಒಂದು ಪ್ರಶ್ನೆಗೆ ಉತ್ತರ ಆ ಬೆಳ್ಳಿಯ ಮೇಲಿನ ಗುರುತುಗಳಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೌದು, ಊಟ ಬಡಿಸುವವರಿಗೂ ಯುದ್ಧದ ಪದಕ ಸಿಗುತ್ತಿತ್ತು. ಯಾರೋ ದೊಡ್ಡವರು ದಯೆ ತೋರಿ ಕೊಟ್ಟದ್ದಲ್ಲ, ಹಕ್ಕಿನಿಂದಲೇ ಬಂದದ್ದು. ವಿಕ್ಟೋರಿಯಾ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಇಂಥ ಪದಕ ಶೌರ್ಯಕ್ಕೆ ಕೊಡುವಂಥದ್ದಲ್ಲ. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಹಡಗಿನ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಫಿರಂಗಿ ಹಾರಿಸಿದವನಿಗೂ, ಬಾಯ್ಲರಿಗೆ ಕಲ್ಲಿದ್ದಲು ಸುರಿದವನಿಗೂ, ಅಧಿಕಾರಿಗಳಿಗೆ ಕಾಫಿ ತಂದುಕೊಟ್ಟವನಿಗೂ ಅದೇ ಬೆಳ್ಳಿ, ಅದೇ ಅಳತೆ, ಅದೇ ರಾಣಿಯ ಮುಖ. ವ್ಯತ್ಯಾಸ ಕಾಣುವುದು ಅಂಚಿನಲ್ಲಿ ಮಾತ್ರ. ಅಲ್ಲಿ ಹೆಸರಿನ ಪಕ್ಕ ಆತನ ಕೆಲಸವನ್ನೂ ಕೊರೆಯುತ್ತಿದ್ದರು. ಅದಕ್ಕೇ ಇವತ್ತು ನಿಮಗೆ ಆತ ಸ್ಟುವರ್ಡ್ ಅಂತ ಗೊತ್ತಾಗುತ್ತಿದೆ.

ನಿಮ್ಮಲ್ಲಿರುವುದು ಈಜಿಪ್ಟ್ ಮೆಡಲ್. ಅಗಲ 36 ಮಿಲಿಮೀಟರ್. ರಿಬ್ಬನ್ನಿನಲ್ಲಿ ಮೂರು ನೀಲಿ, ಎರಡು ಬಿಳಿ ಪಟ್ಟೆಗಳಿರಬೇಕು. ಸ್ಫಿಂಕ್ಸ್ ಕೆಳಗೆ 1882 ಎಂದು ಇರುವುದು ಮುಖ್ಯ. 1884ರಿಂದ ಸುಡಾನಿನ ಕಡೆ ನಡೆದ ಕಾಳಗಗಳಿಗೆ ಹೊಸದಾಗಿ ಕೊಟ್ಟ ಪದಕಗಳಲ್ಲಿ ಆ ಜಾಗ ಖಾಲಿ. ಹಾಗಾಗಿ ನಿಮ್ಮ ಸ್ಟುವರ್ಡ್ ಮೊದಲ ಸುತ್ತಿನವನು. ‘ಅಲೆಕ್ಸಾಂಡ್ರಿಯಾ 11ತ್ ಜುಲೈ’ ಪಟ್ಟಿ ಇನ್ನೂ ಖಚಿತವಾದದ್ದು. ಪದಕ ಸಂಗ್ರಹಿಸುವವರು ಇದನ್ನು ಕ್ಲಾಸ್ಪ್ ಅನ್ನುತ್ತಾರೆ. ಈ ಕ್ಲಾಸ್ಪ್ ಭೂಸೇನೆಗೆ ಸಿಗಲಿಲ್ಲ. ಆ ಒಂದು ದಿನ ಅಲೆಕ್ಸಾಂಡ್ರಿಯಾ ಬಂದರಿನ ಎದುರು ನಿಂತಿದ್ದ ಹಡಗುಗಳ ನಾವಿಕರು ಮತ್ತು ಮರೀನ್‌ಗಳಿಗೆ, ಅಂದರೆ ಹಡಗಿನ ಸೈನಿಕರಿಗೆ, ಮಾತ್ರ ಅದು. ಅದೇ ಬೇಸಿಗೆಯಲ್ಲಿ, ಜುಲೈ 16ರಿಂದ ಸೆಪ್ಟೆಂಬರ್ 14ರ ಒಳಗೆ ಈಜಿಪ್ಟಿನಲ್ಲಿ ಕೆಲಸ ಮಾಡಿ ಯಾವ ಕ್ಲಾಸ್ಪಿಗೂ ಅರ್ಹರಾಗದವರಿಗೆ ಬರೀ ಪದಕ ಸಿಕ್ಕಿತು.

ಆ ದಿನ ಏನಾಯಿತು? ಈಜಿಪ್ಟ್ ಆಗ ಸಾಲದಲ್ಲಿ ಮುಳುಗಿತ್ತು. ಖೆದಿವ್ ತೌಫೀಕ್ ಹೆಸರಿಗೆ ದೊರೆ. ಬ್ರಿಟನ್ ಮತ್ತು ಫ್ರಾನ್ಸ್ ಖಜಾನೆಯ ಮೇಲೆ ಕೂತಿದ್ದವು. ಇದರ ವಿರುದ್ಧ ಸೇನಾಧಿಕಾರಿ ಅಹ್ಮದ್ ಉರಾಬಿ ಎದ್ದು ನಿಂತ. ಇಂಗ್ಲಿಷ್ ಪತ್ರಿಕೆಗಳು ಅವನನ್ನು ಅರಾಬಿ ಪಾಷಾ ಅಂತ ಕರೆದವು. ಅಲೆಕ್ಸಾಂಡ್ರಿಯಾದ ಕೋಟೆಗಳಲ್ಲಿ ಫಿರಂಗಿ ಕೂರಿಸುವ ಕೆಲಸ ನಡೆಯಿತು. ಬ್ರಿಟಿಷ್ ಅಡ್ಮಿರಲ್ ಬೋಷಾಂ ಸೀಮೋರ್ ಗಡುವು ಕೊಟ್ಟ. ಫ್ರೆಂಚ್ ಹಡಗುಗಳು ನಮಗೆ ಬೇಡ ಅಂತ ಹೊರಟುಹೋದವು. 1882ರ ಜುಲೈ 11, ಮಂಗಳವಾರ, ಬೆಳಿಗ್ಗೆ 7ಕ್ಕೆ ಮೊದಲ ಗುಂಡು ಹಾರಿತು. ಅದನ್ನು ಹಾರಿಸಿದ್ದು ನಿಮ್ಮ ಪದಕದ ಅಂಚಿನಲ್ಲಿರುವ ಅಲೆಕ್ಸಾಂಡ್ರಾ ಹಡಗೇ. ಎಂಟು ದೊಡ್ಡ ಕಬ್ಬಿಣದ ಕವಚದ ಹಡಗುಗಳು, ಜೊತೆಗೆ ಕೆಲವು ಸಣ್ಣವು. ಸಂಜೆ ಐದೂವರೆಯ ತನಕ ಕೋಟೆಗಳ ಮೇಲೆ ಹೊಡೆಯುತ್ತಲೇ ಇದ್ದವು.

ಅಲೆಕ್ಸಾಂಡ್ರಾ ಮೆಡಿಟರೇನಿಯನ್ ಪಡೆಯ ಮುಖ್ಯ ಹಡಗು. 1875ರಲ್ಲಿ ಚಾಥಮ್‌ನಲ್ಲಿ ನೀರಿಗಿಳಿಯಿತು. ವೇಲ್ಸ್ ರಾಜಕುಮಾರಿಯ ಹೆಸರನ್ನೇ ಇಟ್ಟರು, ಹಡಗನ್ನು ನೀರಿಗಿಳಿಸಿದ್ದೂ ಆಕೆಯೇ. ಎರಡು 11 ಇಂಚಿನ, ಹತ್ತು 10 ಇಂಚಿನ ಫಿರಂಗಿಗಳಿದ್ದವು. ಎಲ್ಲವೂ ಬಾಯಿಂದ ಮದ್ದು ತುಂಬುವಂಥವು. ಹಡಗಿನಲ್ಲಿ 600ಕ್ಕೂ ಹೆಚ್ಚು ಜನ. ಆ ದಿನದ ಮಟ್ಟಿಗೆ ಅಡ್ಮಿರಲ್ ತನ್ನ ಬಾವುಟವನ್ನು ಅಲೆಕ್ಸಾಂಡ್ರಾದಿಂದ ಇಳಿಸಿ ಇನ್‌ವಿನ್ಸಿಬಲ್ ಎಂಬ ಹಡಗಿಗೆ ಏರಿಸಿದ್ದ. ಇನ್‌ವಿನ್ಸಿಬಲ್ ಕಡಿಮೆ ಆಳದ ನೀರಲ್ಲೂ ತೇಲುತ್ತಿತ್ತು, ಬಂದರಿನ ಹತ್ತಿರ ಹೋಗಬಲ್ಲದಾಗಿತ್ತು. ಅಲೆಕ್ಸಾಂಡ್ರಾ ಹೊರಗಡಲಲ್ಲಿ ನಿಂತು ರಾಸ್ ಎಲ್-ತೀನ್ ಕಡೆಯ ಕೋಟೆಗಳನ್ನು ಹೊಡೆಯಿತು. ನಿಮ್ಮ ಸ್ಟುವರ್ಡ್ ಅಡ್ಮಿರಲ್ಲನ ಮೇಜಿನವನಲ್ಲ, ವಾರ್ಡ್‌ರೂಮಿನವನು, ಅಂದರೆ ಹಡಗಿನ ಅಧಿಕಾರಿಗಳು ಕೂಡಿ ಉಣ್ಣುವ ಕೋಣೆಯವನು. ಆದ್ದರಿಂದ ಅಡ್ಮಿರಲ್ ಹೋದರೂ ಆತ ತನ್ನ ಹಡಗಲ್ಲೇ ಉಳಿದ.

ಈಗ ಆ ಹತ್ತು ಗಂಟೆ ಒಬ್ಬ ಸ್ಟುವರ್ಡ್ ಏನು ಮಾಡುತ್ತಿದ್ದ ಅನ್ನುವುದು. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಯುದ್ಧದ ಹಡಗಿನಲ್ಲಿ ಕಾಳಗದ ಹೊತ್ತಿಗೆ ಸುಮ್ನೆ ಕೂತಿರುವವರು ಯಾರೂ ಇಲ್ಲ. ಅಡುಗೆಯವನು, ಸ್ಟುವರ್ಡ್, ಗುಮಾಸ್ತ, ಕ್ಷೌರಿಕ, ಎಲ್ಲರಿಗೂ ಒಂದೊಂದು ಜಾಗ ಮೊದಲೇ ಗೊತ್ತು ಮಾಡಿರುತ್ತಿದ್ದರು. ಸ್ಟುವರ್ಡ್‌ಗಳಿಗೆ ಸಾಮಾನ್ಯವಾಗಿ ಬರುತ್ತಿದ್ದುದು ಕೆಳಗಿನ ಕೆಲಸ. ಮದ್ದಿನ ಕೋಣೆ, ಗುಂಡಿನ ಕೋಣೆ, ಅಲ್ಲಿಂದ ಮೇಲಕ್ಕೆ ಸಾಮಾನು ದಾಟಿಸುವ ಸಾಲು. ಇಲ್ಲದಿದ್ದರೆ ವೈದ್ಯರ ಕೈಕೆಳಗೆ ಗಾಯಾಳುಗಳನ್ನು ಹೊರುವುದು, ಬೆಂಕಿ ಬಿದ್ದರೆ ನೀರು ಹಾಕುವುದು.

ಕೆಲಸ ಶುರುವಾಗುತ್ತಿದ್ದುದು ಕಾಳಗಕ್ಕೂ ಮೊದಲೇ. ಹಡಗನ್ನು ಯುದ್ಧಕ್ಕೆ ಸಜ್ಜು ಮಾಡಿ ಅಂತ ಆಜ್ಞೆ ಬಂತೆಂದರೆ ಅಧಿಕಾರಿಗಳ ವಾಸದ ಜಾಗ ಖಾಲಿಯಾಗಬೇಕು. ಕುರ್ಚಿ, ಮೇಜು, ಕನ್ನಡಿ, ಗಾಜಿನ ಲೋಟ, ಪಿಂಗಾಣಿ, ಬೆಳ್ಳಿ ಚಮಚ, ಪರದೆ, ಎಲ್ಲವನ್ನೂ ಕಟ್ಟಿ ಕೆಳಗೆ ಇಳಿಸಬೇಕು. ಗುಂಡು ಬಿದ್ದರೆ ಮರದ ಚೂರುಗಳು ಬಾಣದಂತೆ ಹಾರುತ್ತವೆ. ಆ ಕಾಲದ ನಾವಿಕರಲ್ಲಿ ಬಹಳ ಜನ ಗಾಯಗೊಳ್ಳುತ್ತಿದ್ದುದು ಅಂಥ ಚೂರುಗಳಿಂದಲೇ. ಈ ಸಾಮಾನೆಲ್ಲ ವಾರ್ಡ್‌ರೂಮ್ ಸ್ಟುವರ್ಡ್‌ನ ಸುಪರ್ದಿನಲ್ಲಿದ್ದದ್ದು. ಒಡೆದರೆ ಲೆಕ್ಕ ಕೇಳುವುದೂ ಅವನನ್ನೇ. ಜುಲೈ 10ರ ರಾತ್ರಿ ಆತನಿಗೆ ನಿದ್ದೆ ಹೆಚ್ಚು ಸಿಕ್ಕಿರಲಿಕ್ಕಿಲ್ಲ.

ಮದ್ದಿನ ಕೋಣೆಯಲ್ಲಿ ಕಬ್ಬಿಣದ ಚೂರೂ ಮೈಮೇಲೆ ಇರಕೂಡದು. ಬೂಟು ಬಿಚ್ಚಿ ಮೆತ್ತನೆ ಚಪ್ಪಲಿ ಹಾಕಬೇಕು. ದೀಪ ಒಳಗಿಲ್ಲ. ಪಕ್ಕದ ಕೋಣೆಯಲ್ಲಿಟ್ಟ ದೀಪದ ಬೆಳಕು ದಪ್ಪ ಗಾಜಿನ ಮೂಲಕ ಬರಬೇಕು. ಬಟ್ಟೆ ಚೀಲದಲ್ಲಿ ತುಂಬಿದ ಮದ್ದನ್ನು ಕೈಯಿಂದ ಕೈಗೆ ದಾಟಿಸುತ್ತಿರಬೇಕು. 10 ಇಂಚಿನ ಫಿರಂಗಿಯ ಒಂದೊಂದು ಗುಂಡು ಸುಮಾರು 180 ಕಿಲೋ. ಅದನ್ನು ಮೇಲೆತ್ತಲು ರಾಟೆ ಇತ್ತು ನಿಜ, ಆದರೆ ಜುಲೈ ತಿಂಗಳ ಈಜಿಪ್ಟ್, ಕೆಳಗೆ ಬಾಯ್ಲರ್, ಎಲ್ಲ ಕಡೆ ಮುಚ್ಚಿದ ಬಾಗಿಲು. ಹೊರಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಸದ್ದು ಮಾತ್ರ. ನಿಮ್ಮ ಸ್ಟುವರ್ಡ್ ಮದ್ದಿನ ಕೋಣೆಯಲ್ಲೇ ಇದ್ದ ಅಂತ ಪದಕ ನೋಡಿ ಹೇಳಲು ಆಗುವುದಿಲ್ಲ. ಆದರೆ ಆತನಂಥವರ ಜಾಗ ಅದಾಗಿತ್ತು.

ಆ ದಿನ ಅಲೆಕ್ಸಾಂಡ್ರಾ ಹಡಗಲ್ಲೇ ನಡೆದ ಒಂದು ಘಟನೆ ದಾಖಲೆಯಲ್ಲಿದೆ. ಕೋಟೆಯಿಂದ ಬಂದ 10 ಇಂಚಿನ ಸಿಡಿಗುಂಡೊಂದು ಹಡಗಿನ ಪಕ್ಕವನ್ನು ತೂರಿಕೊಂಡು ಮುಖ್ಯ ಡೆಕ್ ಮೇಲೆ ಬಂದು ನಿಂತಿತು. ಬತ್ತಿ ಉರಿಯುತ್ತಿತ್ತು. ‘ಇಳಿಬಾಗಿಲ ಮೇಲೇ ಜೀವಂತ ಗುಂಡು ಇದೆ’ ಎಂಬ ಕೂಗು ಕೇಳಿ ಇಸ್ರೇಲ್ ಹಾರ್ಡಿಂಗ್ ಎಂಬ ಗನ್ನರ್ ಕೆಳಗಿನಿಂದ ಏಣಿ ಹತ್ತಿ ಓಡಿಬಂದ. ಪಕ್ಕದಲ್ಲಿದ್ದ ತೊಟ್ಟಿಯಿಂದ ನೀರು ತೆಗೆದು ಬತ್ತಿಗೆ ಎರಚಿದ. ಆಮೇಲೆ ಗುಂಡನ್ನೇ ಎತ್ತಿ ಆ ತೊಟ್ಟಿಗೆ ಹಾಕಿದ. ಅವನಿಗೆ ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆ ಗುಂಡು ಸಿಡಿದಿದ್ದರೆ ಇಳಿಬಾಗಿಲಿನ ಕೆಳಗಿದ್ದವರ ಗತಿ ಏನಾಗುತ್ತಿತ್ತು ಅಂತ ಯೋಚಿಸಿ. ಕೆಳಗಿರುತ್ತಿದ್ದವರು ಹೆಚ್ಚಾಗಿ ಸ್ಟುವರ್ಡ್, ಅಡುಗೆಯವರಂಥವರೇ ಅಲ್ವಾ? ಅಂದ ಹಾಗೆ ಹಾರ್ಡಿಂಗ್ ನಿಮ್ಮ ಪೋರ್ಟ್ಸ್‌ಮತ್‌ನವನೇ. ಸೌತ್‌ಸೀಯ ಹೈಲ್ಯಾಂಡ್ ರೋಡ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಒಂದು ಭಾನುವಾರ ಹೋಗಿ ನೋಡಿ ಬನ್ನಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ರಿಟಿಷ್ ಹಡಗುಗಳಲ್ಲಿ ಸತ್ತವರ ಸಂಖ್ಯೆ ಎರಡಂಕಿ ಮುಟ್ಟಲಿಲ್ಲ. ಕೋಟೆಗಳಲ್ಲಿ ಸತ್ತ ಈಜಿಪ್ಟಿನವರು ನೂರಾರು. ಮರುದಿನದಿಂದ ಊರಿಗೆ ಬೆಂಕಿ ಬಿತ್ತು, ಲೂಟಿ ನಡೆಯಿತು. ಸೆಪ್ಟೆಂಬರ್ 13ರಂದು ತೆಲ್-ಎಲ್-ಕೆಬೀರ್‌ನಲ್ಲಿ ಉರಾಬಿಯ ಸೇನೆ ಸೋತಿತು. ಬ್ರಿಟಿಷ್ ಸೈನ್ಯ ಈಜಿಪ್ಟನ್ನು ಪೂರ್ತಿಯಾಗಿ ಬಿಟ್ಟದ್ದು 1956ರಲ್ಲಿ. ಪದಕವನ್ನು ಗೋಡೆಗೆ ಹಾಕುವಾಗ ಈ ಕಥೆಯೂ ಜೊತೆಗಿರಲಿ. ಇದಕ್ಕೆ ನಮ್ಮ ಕಡೆಯ ಒಂದು ಕೊಂಡಿಯೂ ಇದೆ. ಆ ಯುದ್ಧಕ್ಕೆ ಭಾರತದಿಂದಲೂ ಪಡೆ ಹೋಗಿತ್ತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಇಂಜಿನಿಯರುಗಳ ಪಡೆ ಅಲ್ಲಿತ್ತು. ‘ಈಜಿಪ್ಟ್ 1882’ ಮತ್ತು ‘ತೆಲ್-ಎಲ್-ಕೆಬೀರ್’ ಅವರ ಯುದ್ಧ ಗೌರವಗಳಲ್ಲಿ ಸೇರಿವೆ. ಆ ಸಿಪಾಯಿಗಳಿಗೂ ಇದೇ ಬೆಳ್ಳಿ ಪದಕ. ಆದರೆ ಭಾರತೀಯ ಪಡೆಯ ಜೊತೆ ಹೋದ ನೀರು ಹೊರುವವರು, ಡೋಲಿ ಹೊರುವವರಂಥ ಕೂಲಿಯವರಿಗೆ ಕಂಚಿನ ಪದಕ. ಹಡಗಿನಲ್ಲಿ ಮೇಜು ಒರೆಸಿದವನಿಗೆ ಬೆಳ್ಳಿ, ಮರುಭೂಮಿಯಲ್ಲಿ ಗಾಯಾಳು ಹೊತ್ತವನಿಗೆ ಕಂಚು. ಯಾವ ಪುಸ್ತಕದಲ್ಲಿ ಹೆಸರಿದೆ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು.

ಇನ್ನು ಕೆಲಸದ ವಿಷಯ. ಆ ಕಾಲದ ದೊಡ್ಡ ಹಡಗಿನಲ್ಲಿ ಒಂದೇ ಊಟದ ಮನೆ ಇರಲಿಲ್ಲ. ಅಡ್ಮಿರಲ್ಲನ ಮೇಜು ಬೇರೆ. ಕ್ಯಾಪ್ಟನ್ ಒಬ್ಬನೇ ಉಣ್ಣುತ್ತಿದ್ದ. ಲೆಫ್ಟಿನೆಂಟುಗಳು, ವೈದ್ಯ, ಪಾದ್ರಿ, ಸಂಬಳ-ಲೆಕ್ಕ ನೋಡುವ ಪೇಮಾಸ್ಟರ್ ಎಲ್ಲ ವಾರ್ಡ್‌ರೂಮಿನಲ್ಲಿ. ಅಧಿಕಾರಿಗಳಾಗಲು ಕಲಿಯುತ್ತಿದ್ದ ಮಿಡ್‌ಶಿಪ್‌ಮನ್ ಹುಡುಗರು ಗನ್‌ರೂಮಿನಲ್ಲಿ. ಪ್ರತಿಯೊಂದಕ್ಕೂ ಅದರದೇ ಸ್ಟುವರ್ಡ್, ಅದರದೇ ಅಡುಗೆಯವನು, ಕೆಳಗೆ ಕೆಲವು ಸಹಾಯಕರು. ಸಹಾಯಕರನ್ನು ನೌಕಾಪಡೆಯ ಲೆಕ್ಕದಲ್ಲಿ ‘ಡೊಮೆಸ್ಟಿಕ್’ ಎಂದು ಬರೆಯುತ್ತಿದ್ದರು. ಅವರಲ್ಲಿ ಮೂರು ದರ್ಜೆ ಇತ್ತು. ಇನ್ನೊಬ್ಬ ‘ಶಿಪ್ಸ್ ಸ್ಟುವರ್ಡ್’ ಅಂತ ಇರುತ್ತಿದ್ದ. ಹುಡುಕುವಾಗ ಇವನನ್ನೂ ನಿಮ್ಮವನನ್ನೂ ಒಂದೇ ಅಂದುಕೊಳ್ಳಬೇಡಿ. ಅವನದು ಇಡೀ ಹಡಗಿನ ಉಗ್ರಾಣ. ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ರಮ್, ಕೋಕೋ ಅಳೆದು ಕೊಡುವುದು. ಪೇಮಾಸ್ಟರ್ ಕೈಕೆಳಗಿನ ಗೌರವದ ಕೆಲಸ. ವಾರ್ಡ್‌ರೂಮ್ ಸ್ಟುವರ್ಡ್‌ನದು ಅಧಿಕಾರಿಗಳ ಸೇವೆ.

ಹಾಗಂತ ಅದು ಬರೀ ಬಡಿಸುವ ಕೆಲಸ ಅಂತ ಅಂದುಕೊಳ್ಳಬಾರದು. ವಾರ್ಡ್‌ರೂಮಿನವರು ಸರ್ಕಾರದ ಪಡಿತರದಲ್ಲಿ ಬದುಕುತ್ತಿರಲಿಲ್ಲ. ಎಲ್ಲರೂ ತಿಂಗಳಿಗೆ ಇಷ್ಟು ಅಂತ ದುಡ್ಡು ಹಾಕುತ್ತಿದ್ದರು. ತಮ್ಮಲ್ಲೇ ಒಬ್ಬನನ್ನು ಅದರ ಉಸ್ತುವಾರಿಗೆ ಆರಿಸುತ್ತಿದ್ದರು. ಹಡಗು ಮಾಲ್ಟಾದಂಥ ಬಂದರಿಗೆ ಬಂದ ಕೂಡಲೇ ದಡಕ್ಕೆ ಹೋಗಿ ಕೋಳಿ, ಮೊಟ್ಟೆ, ತರಕಾರಿ, ಹಣ್ಣು ಚೌಕಾಸಿ ಮಾಡಿ ತರುವುದು ಸ್ಟುವರ್ಡ್. ದುಡ್ಡು ಉಳಿಸಿದರೆ ಒಳ್ಳೆಯ ಸ್ಟುವರ್ಡ್. ಊಟ ಕೆಟ್ಟರೆ ಬೈಗುಳ ಅವನಿಗೇ. ಕೆಲವು ಹಡಗುಗಳಲ್ಲಿ ದಿನಕ್ಕೆ ತಲೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು ಊಟ ಹಾಕುವ ಮೆಸ್‌ಮನ್ ಇರುತ್ತಿದ್ದ. ಮಾಲ್ಟಾದವರು ಈ ಗುತ್ತಿಗೆಯಲ್ಲಿ ಪಳಗಿದವರು. ಯಾವ ಅಧಿಕಾರಿ ಎಷ್ಟು ಕುಡಿದ ಎಂಬ ವೈನ್ ಲೆಕ್ಕ ಕ್ಯಾಪ್ಟನ್ ಕಣ್ಣಿಗೂ ಬೀಳುತ್ತಿತ್ತು. ಒಬ್ಬ ಯುವ ಲೆಫ್ಟಿನೆಂಟನ ಮಾನ ಒಮ್ಮೊಮ್ಮೆ ಆ ಲೆಕ್ಕದಲ್ಲಿ ಇರುತ್ತಿತ್ತು. ಬಾಯಿ ಭದ್ರ ಇಟ್ಟುಕೊಳ್ಳುವುದು ಈ ಕೆಲಸದ ಅರ್ಧ ಭಾಗ.

ಈ ಜನರ ಚರಿತ್ರೆ ಹುಡುಕುವುದು ಕಷ್ಟವಾಗಲು ಒಂದು ಕಾರಣವಿದೆ. 1853ರಿಂದ ನೌಕಾಪಡೆ ನಾವಿಕರನ್ನು ಹತ್ತು ವರ್ಷದ ಕರಾರಿನ ಮೇಲೆ ತೆಗೆದುಕೊಳ್ಳತೊಡಗಿತು. ಅವರಿಗೆ ಸಂಖ್ಯೆ, ದಾಖಲೆ, ಕೊನೆಗೆ ಪಿಂಚಣಿ. ಅಧಿಕಾರಿಗಳ ಸ್ಟುವರ್ಡ್‌ಗಳಲ್ಲಿ ಬಹಳ ಜನ ಆ ವ್ಯವಸ್ಥೆಯ ಹೊರಗೆ. ಒಂದು ಹಡಗು ಸಜ್ಜಾದಾಗ ಅದಕ್ಕೆ ಮಾತ್ರ ಸೇರುವುದು. ಎರಡು ಮೂರು ವರ್ಷದ ನಂತರ ಹಡಗು ಮರಳಿ ಬಂದು ಎಲ್ಲರ ಲೆಕ್ಕ ಚುಕ್ತಾ ಮಾಡಿದಾಗ ನಡತೆಯ ಪ್ರಮಾಣಪತ್ರ ಹಿಡಿದು ಇಳಿಯುವುದು. ಮತ್ತೆ ಇನ್ನೊಬ್ಬ ಕ್ಯಾಪ್ಟನ್, ಇನ್ನೊಂದು ವಾರ್ಡ್‌ರೂಮ್. ಮಧ್ಯೆ ದಡದ ಹೋಟೆಲಿನಲ್ಲೋ ಪ್ರಯಾಣಿಕರ ಹಡಗಿನಲ್ಲೋ ಕೆಲಸ. ಮೆಚ್ಚಿದ ಕ್ಯಾಪ್ಟನ್ ತನ್ನ ಸ್ಟುವರ್ಡನ್ನು ಹಡಗಿನಿಂದ ಹಡಗಿಗೆ ಕರೆದೊಯ್ಯುವುದೂ ಇತ್ತು. ಇಂಥವರ ಜೀವನ ಕಾಗದದಲ್ಲಿ ತುಂಡು ತುಂಡಾಗಿಯೇ ಸಿಗುತ್ತದೆ.

ಅಲೆಕ್ಸಾಂಡ್ರಾದಂಥ ಮೆಡಿಟರೇನಿಯನ್ ಹಡಗುಗಳಲ್ಲಿ ಇಂಗ್ಲಿಷರ ಜೊತೆ ಮಾಲ್ಟಾದವರು ಈ ಕೆಲಸದಲ್ಲಿ ತುಂಬಾ ಇದ್ದರು. ಆ ಪಡೆಯ ಪದಕಗಳ ಅಂಚಿನಲ್ಲಿ ಬೋರ್ಗ್, ವೆಲ್ಲಾ, ಕಾಮಿಲ್ಲೇರಿ ಎಂಬ ಅಡ್ಡಹೆಸರು ಕಂಡರೆ ಆತ ಸ್ಟುವರ್ಡ್, ಅಡುಗೆಯವ ಅಥವಾ ಬ್ಯಾಂಡಿನವ ಇರುವ ಸಾಧ್ಯತೆ ಜಾಸ್ತಿ. ಮುಂಬಯಿ ಮತ್ತು ಟ್ರಿಂಕೋಮಲಿಯನ್ನು ನೆಲೆ ಮಾಡಿಕೊಂಡ ಈಸ್ಟ್ ಇಂಡೀಸ್ ಪಡೆಯಲ್ಲಿ ಇದೇ ಜಾಗ ಗೋವಾದವರದು. ನಮ್ಮ ಕಾರವಾರದ ಪಕ್ಕದ ಊರುಗಳಿಂದ ಹೋದ ಕೊಂಕಣಿ ಕ್ರೈಸ್ತರು. ಗುಮಾಸ್ತರು ಅವರ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು. ಒಬ್ಬನೇ ಮನುಷ್ಯ ಒಂದು ಹಡಗಿನಲ್ಲಿ ಡಿಸೋಜ, ಇನ್ನೊಂದರಲ್ಲಿ ಡಿ ಸೌಜಾ. 1890ರಲ್ಲಿ ಆಫ್ರಿಕಾದ ಪೂರ್ವ ಕರಾವಳಿಯ ವಿಟು ಮೇಲೆ ನಡೆದ ದಾಳಿಗೆ, 1885ರ ನಂತರದ ಬರ್ಮಾ ಯುದ್ಧಕ್ಕೆ ಈ ಪಡೆಯ ಹಡಗುಗಳು ಹೋದವು. ಇಂಥ ಹೆಸರುಗಳು ಆ ಪದಕಗಳ ಅಂಚಿನಲ್ಲೂ ಕಾಣಸಿಗುತ್ತವೆ. ನಮ್ಮ ಕರಾವಳಿಯ ಮನೆಗಳಲ್ಲಿ ಯಾರ ಹತ್ತಿರವಾದರೂ ಅಜ್ಜನ ಕಾಲದ ಇಂಥ ಬೆಳ್ಳಿ ಬಿಲ್ಲೆ ಇದ್ದರೆ ಕರಗಿಸಲು ಕೊಡುವ ಮೊದಲು ಅಂಚನ್ನೊಮ್ಮೆ ಓದಿ.

ನಿಮ್ಮವನ ಬಳಿ ಇನ್ನೂ ಪದಕ ಇದ್ದಿರಬಹುದೇ? ಇದ್ದಿರಬಹುದು. ಅದೇ ತಲೆಮಾರಿನ ಒಬ್ಬ ಸ್ಟುವರ್ಡ್ 1873-74ರ ಅಶಾಂಟಿ ಯುದ್ಧದಿಂದ ಹಿಡಿದು 1897ರ ಬೆನಿನ್ ದಾಳಿ, 1900ರ ಚೀನಾ ತನಕ ಬೇರೆ ಬೇರೆ ಹಡಗಿನಲ್ಲಿ ಇದ್ದು ಪದಕ ಗಳಿಸುವುದು ಸಾಧ್ಯವಿತ್ತು. ಆದರೆ ನಿಮ್ಮವನು ಅಲೆಕ್ಸಾಂಡ್ರಿಯಾದ ಎರಡು ವರ್ಷದ ನಂತರ ಕೆಂಪು ಸಮುದ್ರದ ಸುವಾಕಿನ್‌ನಲ್ಲೂ ಇದ್ದಿದ್ದರೆ ಹೊಸ ಪದಕ ಕೊಡುತ್ತಿರಲಿಲ್ಲ. ಇದೇ ಪದಕಕ್ಕೆ ಇನ್ನೊಂದು ಕ್ಲಾಸ್ಪ್ ಜೋಡಿಸುತ್ತಿದ್ದರು. ನಿಮ್ಮದರಲ್ಲಿ ಒಂದೇ ಇದೆ. ದೀರ್ಘ ಸೇವೆ ಮತ್ತು ಒಳ್ಳೆಯ ನಡತೆಯ ಪದಕ ಎಂಬುದೂ ಒಂದಿತ್ತು. ನೀಲಿ ರಿಬ್ಬನ್, ಬಿಳಿ ಅಂಚು, ಹಿಂದೆ ಮೂರು ಕೂವೆಮರದ ಹಾಯಿಹಡಗು. ಹಡಗಿನಿಂದ ಹಡಗಿಗೆ ಬಿಡಿಬಿಡಿಯಾಗಿ ಸೇರುತ್ತಿದ್ದ ಸ್ಟುವರ್ಡ್‌ಗಳಿಗೆ ಅದು ಸಿಗುವುದು ಅಪರೂಪ. ಯಾವಾಗಲಾದರೂ ಸಂತೆಯಲ್ಲಿ ಅಂಥದ್ದು ಸ್ಟುವರ್ಡ್ ಹೆಸರಲ್ಲಿ ಕಂಡರೆ ನಾನಂತೂ ಬಿಡುವುದಿಲ್ಲ.

ಸ್ಟುವರ್ಡ್‌ನ ಕೆಲಸ ಮೈಮೇಲಿನ ಬಟ್ಟೆಯಲ್ಲೂ ಕಾಣುತ್ತಿತ್ತು ಅನ್ನುವುದಕ್ಕೆ ಒಂದು ಉದಾಹರಣೆ ನೆನಪಾಗುತ್ತದೆ. ಜಾನ್ ಫ್ರಾಂಕ್ಲಿನ್‌ನ ಎರಡು ಹಡಗುಗಳು 1845ರಲ್ಲಿ ಉತ್ತರ ಧ್ರುವದ ಕಡೆ ಹೋಗಿ ಕಾಣೆಯಾದವು. 1859ರಲ್ಲಿ ಮೆಕ್ಲಿಂಟಾಕ್ ಎಂಬ ನೌಕಾಧಿಕಾರಿಗೆ ಕಿಂಗ್ ವಿಲಿಯಂ ದ್ವೀಪದಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಇವನು ಸ್ಟುವರ್ಡ್ ಅಥವಾ ಅಧಿಕಾರಿಯೊಬ್ಬನ ಸೇವಕ ಅಂತ ಅವನು ಊಹಿಸಿದ್ದು ಉಡುಪಿನಿಂದ. ಕೊರಳ ವಸ್ತ್ರವನ್ನು ನಾವಿಕರು ಕಟ್ಟದ ರೀತಿಯಲ್ಲಿ ಸಡಿಲ ಬಿಲ್ಲುಗಂಟು ಹಾಕಿದ್ದರು. ಹತ್ತಿರದಲ್ಲೇ ಬಟ್ಟೆ ಉಜ್ಜುವ ಬ್ರಷ್, ಒಂದು ಬಾಚಣಿಗೆ. ಆ ಯಾತ್ರೆಯಲ್ಲಿ ಸತ್ತವರಿಗೂ ಆರ್ಕ್ಟಿಕ್ ಪದಕ ಕೊಟ್ಟರು, ಸ್ಟುವರ್ಡ್‌ಗಳನ್ನೂ ಸೇರಿಸಿ. ಎಂಟು ಮೂಲೆಯ ಬೆಳ್ಳಿ, ಬಿಳಿ ರಿಬ್ಬನ್.

ಈಗ ನಕ್ಷತ್ರದ ವಿಷಯ. ಅದರ ಹೆಸರು ಖೆದಿವ್ಸ್ ಸ್ಟಾರ್. ತನ್ನ ಗದ್ದುಗೆ ಉಳಿಸಿಕೊಟ್ಟದ್ದಕ್ಕೆ ಖೆದಿವ್ ತೌಫೀಕ್ ಬ್ರಿಟಿಷ್ ಪಡೆಗಳಿಗೆ ಕೊಟ್ಟದ್ದು. ತಯಾರಾದದ್ದು ಬರ್ಮಿಂಗ್‌ಹ್ಯಾಮಿನ ಜೆಂಕಿನ್ಸ್ ಕಂಪನಿಯಲ್ಲಿ. ಕಂಚು. ನಡುವೆ ಸ್ಫಿಂಕ್ಸ್ ಮತ್ತು ಪಿರಮಿಡ್, ಹಿಂದೆ ಖೆದಿವನ ಮುದ್ರೆ, ಕಡುನೀಲಿ ರಿಬ್ಬನ್. ಈಜಿಪ್ಟ್ ಮೆಡಲ್ ಪಡೆದವರಿಗೆ ಇದೂ ಜೊತೆಗೇ ಬರುತ್ತಿತ್ತು. ತೊಂದರೆ ಏನೆಂದರೆ ಸರ್ಕಾರ ಇದರ ಮೇಲೆ ಹೆಸರು ಹಾಕಲಿಲ್ಲ. ಕಳೆದುಹೋದ ನಕ್ಷತ್ರದ ಬದಲು ಅಂಗಡಿಯವನು ಇನ್ಯಾರದ್ದನ್ನೋ ಜೋಡಿಸಿ ‘ಜೋಡಿ’ ಅಂತ ಮಾರಬಹುದು. ನಿಮ್ಮದರಲ್ಲಿ 1882 ಎಂದೇ ಇದೆ. ಅಲ್ಲಿಗೆ ಒಂದು ಪರೀಕ್ಷೆ ಪಾಸಾಯಿತು. 1884 ಅಥವಾ 1884-6 ಎಂದಿದ್ದರೆ ಅದು ಬೇರೆಯವರದ್ದು ಅಂತ ಅನುಮಾನ ಪಡಬಹುದಿತ್ತು.

ಎರಡನೆಯ ಪರೀಕ್ಷೆ ಬೆಳ್ಳಿಯ ಮೇಲಿದೆ. ಈ ಎರಡನ್ನೂ ಅಕ್ಕಪಕ್ಕ ಎದೆಗೆ ಹಾಕಿದಾಗ ನಕ್ಷತ್ರದ ಚೂಪು ಮೂಲೆ ಬೆಳ್ಳಿ ಪದಕಕ್ಕೆ ಬಡಿಯುತ್ತಿರುತ್ತದೆ. ನಡೆದಾಗ, ಬಾಗಿದಾಗ, ಸಲಾಮು ಹೊಡೆದಾಗ, ಪ್ರತಿ ಸಲ. ಕಂಚು ಗಟ್ಟಿ, ಬೆಳ್ಳಿ ಮೆತ್ತಗೆ. ವರ್ಷಗಟ್ಟಲೆ ಬಡಿದು ಬಡಿದು ರಾಣಿಯ ಮುಖದ ಮೇಲೆ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಹರಾಜಿನವರು ಈಜಿಪ್ಟ್ ಮೆಡಲ್ ವರ್ಣಿಸುವಾಗ ‘ನಕ್ಷತ್ರ ಬಡಿದ ಗುರುತು’ ಅಂತ ಬರೆಯುವುದು ಮಾಮೂಲು. ನಿಮ್ಮ ಫೋಟೋದಲ್ಲಿ ರಾಣಿಯ ಕೆನ್ನೆಯ ಬಳಿ, ನಕ್ಷತ್ರ ತೂಗುವ ಪಕ್ಕದಲ್ಲೇ, ಆ ಚುಕ್ಕೆಗಳು ಚೆನ್ನಾಗಿ ಕಾಣುತ್ತಿವೆ. ಅಂದರೆ ಈ ಪದಕ ಯಾವುದೋ ಒಂದು ನಕ್ಷತ್ರದ ಪಕ್ಕದಲ್ಲಿ ಬಹಳ ಕಾಲ ತೂಗಾಡಿದೆ. ಅದು ಇದೇ ನಕ್ಷತ್ರವೇ ಅಂತ ಪ್ರಮಾಣ ಮಾಡಲಾಗದು. ಆದರೆ ಎರಡೂ ಒಂದೇ ಹಳೆ ಪಿನ್ನಿನ ಪಟ್ಟಿಗೆ ಹೊಲಿದ ಹಾಗೇ ಇವೆ, ರಿಬ್ಬನ್ ಒಂದೇ ಸಮ ಮಾಸಿದೆ. ನನಗೆ ಇವು ಒಬ್ಬನವೇ ಅನ್ನಿಸುತ್ತದೆ. ಇನ್ನೂ ಒಂದು ತಿಳಿಯಿತು ನೋಡಿ: ಆತ ಇವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ, ಹಾಕಿಕೊಂಡು ತಿರುಗಿದ.

ತಿಕ್ಕಬೇಡಿ ಅಂದದ್ದು ಇದಕ್ಕೇ. ಪಾಲಿಶ್ ಮಾಡಿದಷ್ಟೂ ಚುಕ್ಕೆಗಳು ಸವೆಯುತ್ತವೆ, ಅಂಚಿನ ಹೆಸರೂ ಸವೆಯುತ್ತದೆ. ಮನೆಯ ಬೆಳ್ಳಿ ಸಾಮಾನಿಗೆ ಹಾಕುವ ವಿಭೂತಿ ಇದಕ್ಕೆ ಬೇಡ. ನಕ್ಷತ್ರಕ್ಕೆ ಹುಣಸೆಹಣ್ಣಂತೂ ಬೇಡವೇ ಬೇಡ. ಅದರ ಕಂದು ಬಣ್ಣ ಕೊಳೆಯಲ್ಲ, ತಯಾರಿಸಿದವರೇ ಕೊಟ್ಟದ್ದು. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಹಳೆ ರಿಬ್ಬನ್ ಬಿಚ್ಚಬೇಡಿ. ಚೌಕಟ್ಟು ಹಾಕಿಸುವುದಾದರೆ ಅಂಟು ಬಳಸದೆ, ಅಂಚನ್ನು ಮತ್ತೆ ತೆಗೆದು ಓದಲು ಆಗುವ ಹಾಗೆ ಹಾಕಿಸಿ.

ನಕಲಿಯೇ ಎಂಬ ಅನುಮಾನಕ್ಕೆ: ಇಡೀ ಪದಕವನ್ನೇ ನಕಲಿ ಮಾಡುವುದು ಅಪರೂಪ. ಹಳೆ ಹೆಸರು ಅಳಿಸಿ ಹೊಸ ಹೆಸರು ಕೊರೆಯುವುದೇ ಜಾಸ್ತಿ. ಅಳಿಸಿದಾಗ ಅಂಚು ಸವೆದು ಸುತ್ತಳತೆ ಕಡಿಮೆಯಾಗುತ್ತದೆ. ಕ್ಯಾಲಿಪರ್ ಹಿಡಿದು ಎರಡು ಮೂರು ಕಡೆ ಅಗಲ ಅಳೆಯಿರಿ. 36ಕ್ಕಿಂತ ಕಡಿಮೆ ಬಂದರೆ, ಅಥವಾ ಒಂದು ಕಡೆ ಒಂದಳತೆ ಇನ್ನೊಂದು ಕಡೆ ಇನ್ನೊಂದಳತೆ ಬಂದರೆ ಎಚ್ಚರ. ಆದರೆ ಮೋಸ ಮಾಡುವವನು ಸ್ಟುವರ್ಡ್ ಅಂತ ಯಾಕೆ ಕೊರೆಯುತ್ತಾನೆ? ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್‌ನ ಕಾಂಡರ್ ಹಡಗಿನ ಹೆಸರು ಹಾಕುತ್ತಾನೆ. ಅದೇ ಕಾಳಗದಲ್ಲಿ ಆ ಸಣ್ಣ ಹಡಗು ಕೋಟೆಯ ಹತ್ತಿರಕ್ಕೇ ನುಗ್ಗಿ ಹೆಸರು ಮಾಡಿತು. ಅದರ ಪದಕಗಳಿಗೆ ಇವತ್ತಿಗೂ ಬೆಲೆ ಜಾಸ್ತಿ. ಮಾರಿದವನ ‘ಬರೀ ಸ್ಟುವರ್ಡ್’ ಎಂಬ ಮಾತು ಪೇಟೆಯ ಮಟ್ಟಿಗೆ ಹಳೆಯದಾಯಿತು. ಒಂದು ದೊಡ್ಡ ಹಡಗಿನಲ್ಲಿ ನಾವಿಕರು ನೂರಾರು, ವಾರ್ಡ್‌ರೂಮ್ ಸ್ಟುವರ್ಡ್ ಬೆರಳೆಣಿಕೆ. ಇಂಥವರ ಪದಕವನ್ನೇ ಹುಡುಕಿ ಕೊಳ್ಳುವವರೂ ಇದ್ದಾರೆ.

ಹುಡುಕುವುದಕ್ಕೆ ನೀವಿರುವ ಜಾಗ ಅನುಕೂಲವಾಗಿದೆ. ಲಂಡನ್ನಿನ ಕ್ಯೂ ಎಂಬಲ್ಲಿ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಇದೆ. ಮೊದಲು ಪದಕದ ಪಟ್ಟಿ ನೋಡಿ. ಅಲ್ಲಿ ಅದು ಎಡಿಎಂ 171 ಎಂಬ ಸರಣಿಯಲ್ಲಿದೆ. ಹಡಗಿನ ಹೆಸರಿನ ಕೆಳಗೆ ಪ್ರತಿಯೊಬ್ಬನ ಹೆಸರು, ದರ್ಜೆ, ಯಾವ ಕ್ಲಾಸ್ಪ್, ಪದಕ ಎಲ್ಲಿಗೆ ಕಳಿಸಿದರು ಎಂದು ಬರೆದಿರುತ್ತಾರೆ. ‘ಡಿ.ಡಿ.’ ಎಂದಿದ್ದರೆ ಸೇವೆಯಲ್ಲಿದ್ದಾಗಲೇ ಸತ್ತ ಎಂದು. ‘ಆರ್’ ಎಂದಿದ್ದರೆ ಓಡಿಹೋದ ಎಂದು. ಓಡಿಹೋದವನಿಗೆ ಪದಕ ಇಲ್ಲ. ನಿಮ್ಮವನು ಓಡಿಹೋಗಲಿಲ್ಲ ಅನ್ನುವುದಕ್ಕೆ ಪದಕವೇ ಸಾಕ್ಷಿ.

ಆಮೇಲೆ ಎಡಿಎಂ 188. 1873ರಿಂದ ಮುಂದಿನ ನಾವಿಕರ ಸೇವಾ ದಾಖಲೆ ಇದು. ಮನೆಯಲ್ಲೇ ಕೂತು ಹೆಸರಿನಿಂದ ಹುಡುಕಿ, ಪುಟ ಇಳಿಸಿಕೊಳ್ಳಬಹುದು. ಅದೃಷ್ಟವಿದ್ದರೆ ಒಂದೇ ಪುಟದಲ್ಲಿ ಹುಟ್ಟಿದ ದಿನ, ಊರು, ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಹಚ್ಚೆ, ಗಾಯದ ಗುರುತು, ಸೇವೆ ಮಾಡಿದ ಹಡಗುಗಳು, ಪ್ರತಿ ಹಡಗಿನಲ್ಲಿ ನಡತೆ ಹೇಗಿತ್ತು ಎಲ್ಲ ಸಿಗುತ್ತದೆ. ಆತ ಹಡಗಿನಿಂದ ಹಡಗಿಗೆ ಬಿಡಿಯಾಗಿ ಸೇರಿದವನಾಗಿದ್ದರೆ ಅಲ್ಲಿ ಹೆಸರೇ ಇಲ್ಲದಿರಬಹುದು. ಬೇಸರ ಪಡಬೇಡಿ. ಆಗ ಎಡಿಎಂ 117ರ ಹಡಗಿನ ಲೆಜರ್ ಕೇಳಿ. ಅದು ಸಂಬಳದ ಪುಸ್ತಕ. ಆತ ಯಾವ ದಿನ ಹಡಗು ಹತ್ತಿದ, ಯಾವ ದಿನ ಇಳಿದ, ತಂಬಾಕಿಗೆ, ಸೋಪಿಗೆ ಎಷ್ಟು ಮುರಿದುಕೊಂಡರು ಎಂದು ಅದರಲ್ಲಿ ಇರುತ್ತದೆ. ಸ್ಟುವರ್ಡ್‌ಗಳ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆ ಈ ಸಂಬಳದ ಪುಸ್ತಕದ ಮೇಲೆಯೇ. ಜುಲೈ 11ರಂದು ಹಡಗಿನಲ್ಲಿ ಗಂಟೆಗಂಟೆಗೆ ಏನಾಯಿತು ಎಂದು ತಿಳಿಯಬೇಕಿದ್ದರೆ ಎಡಿಎಂ 53ರಲ್ಲಿ ಹಡಗುಗಳ ಲಾಗ್ ಪುಸ್ತಕಗಳಿವೆ, ಅಂದರೆ ಹಡಗಿನ ದಿನಚರಿ.

1881ರ ಏಪ್ರಿಲ್ 3ರ ಜನಗಣತಿಯನ್ನು ಮರೆಯಬೇಡಿ. ಆ ರಾತ್ರಿ ನೌಕಾಪಡೆಯ ಹಡಗುಗಳಲ್ಲಿ ಇದ್ದವರನ್ನೂ, ವಿದೇಶದ ಬಂದರುಗಳಲ್ಲಿ ನಿಂತಿದ್ದರೂ, ಎಣಿಸಿದರು. ಆತ ಆಗಲೇ ಯಾವುದಾದರೂ ಹಡಗಿನಲ್ಲಿ ಇದ್ದಿದ್ದರೆ ವಯಸ್ಸು, ಮದುವೆ ಆಗಿತ್ತೇ, ಹುಟ್ಟಿದ ಊರು ಇವು ಸಿಗುತ್ತವೆ. ಹುಟ್ಟೂರು ಮಾಲ್ಟಾ ಎಂದು ಬಂದರೆ ಮುಂದಿನ ಹುಡುಕಾಟ ಅಲ್ಲಿನ ಚರ್ಚುಗಳ ಪುಸ್ತಕದಲ್ಲಿ. ಪೋರ್ಟ್ಸ್‌ಮತ್ ಅಥವಾ ಗೋಸ್ಪೋರ್ಟ್ ಎಂದು ಬಂದರೆ ಹತ್ತು ವರ್ಷದ ನಂತರದ 1891ರ ಗಣತಿಯಲ್ಲಿ ನಿಮ್ಮದೇ ಬೀದಿಗಳಲ್ಲಿ ಹುಡುಕಿ. ನೌಕಾಪಡೆ ಬಿಟ್ಟ ಸ್ಟುವರ್ಡ್‌ಗಳು ಪಬ್ಬು, ಊಟದ ಮನೆ, ಬಾಡಿಗೆ ಕೋಣೆಗಳ ಮನೆ ನಡೆಸುವುದು ಸಾಮಾನ್ಯವಾಗಿತ್ತು. ಹಾಗಾಗಿ ಆ ವರ್ಷಗಳ ವ್ಯಾಪಾರಸ್ಥರ ಡೈರೆಕ್ಟರಿಯಲ್ಲೂ ಕಣ್ಣಾಡಿಸಿ. ಲೆಜರಿನ ಪುಟ ಸಿಕ್ಕರೆ ಫೋಟೋ ತೆಗೆದು ಕಳಿಸಿ. ಗುಮಾಸ್ತರ ಅಕ್ಷರ ಓದುವುದರಲ್ಲಿ ನೆರವಾಗುತ್ತೇನೆ.